ನವೆಂಬರ್‌ನಲ್ಲೇ ಹಾಕೋದಾ, ಜನವರಿಗೆ ಕಾಯೋದಾ? ಅಮೆರಿಕದ ಕಾಲೇಜು ಅರ್ಜಿಗೆ ಒಂದು ಮಾರ್ಗದರ್ಶಿ

ನವೆಂಬರ್ 1 ನಮಗೆ ರಾಜ್ಯೋತ್ಸವದ ದಿನ. ಅಮೆರಿಕದಲ್ಲಿ ಡಿಗ್ರಿ ಓದಬೇಕು ಅಂತಿರುವ ಮಕ್ಕಳ ಮನೆಯಲ್ಲಿ ಅದು ಗಡುವಿನ ದಿನವೂ ಹೌದು. ಅಂದು ರಾತ್ರಿ 11 ಗಂಟೆ 59 ನಿಮಿಷಕ್ಕೆ ಅಲ್ಲಿನ ಬಹಳಷ್ಟು ಹೆಸರಾಂತ ವಿಶ್ವವಿದ್ಯಾಲಯಗಳ ‘ಅರ್ಲಿ’ ಅರ್ಜಿ ಮುಗಿಯುತ್ತದೆ. ರೆಗ್ಯುಲರ್ ಅರ್ಜಿಗೆ ಜನವರಿ ಮೊದಲ ವಾರದವರೆಗೂ ಸಮಯ ಇರುತ್ತದೆ.

ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಳು. ಅಕ್ಟೋಬರ್ ಮಧ್ಯದಲ್ಲಿ ಫೋನ್ ಮಾಡಿ, “ಚಿಕ್ಕಮ್ಮ, ಇಡಿ ಹಾಕ್ಲಾ ಬೇಡ್ವಾ? ಹಾಕಿದ್ರೆ ಚಾನ್ಸ್ ಜಾಸ್ತಿಯಂತೆ, ಎಲ್ರೂ ಹಾಕ್ತಿದ್ದಾರೆ” ಅಂದಳು. ಇಡಿ ಎಂದರೆ ಅರ್ಲಿ ಡಿಸಿಷನ್. ಹತ್ತು ದಿನ ಕೂತು ಒಂದೊಂದೇ ಕಾಲೇಜಿನ ನಿಯಮ ಓದಿದೆವು. ಆಮೇಲೆ ಪರಿಚಯದವರ ಇನ್ನೂ ಕೆಲವು ಮಕ್ಕಳ ಜೊತೆ ಇದೇ ಕೆಲಸಕ್ಕೆ ಕೂತಿದ್ದೇನೆ. ಎಲ್ಲರೂ ಮೊದಲು ಕೇಳುವುದು ಚಾನ್ಸ್ ಬಗ್ಗೆ. ಆದರೆ ಅರ್ಲಿ ಡಿಸಿಷನ್ ಹಾಕುವುದೆಂದರೆ ನಾಲ್ಕು ಕಾಲೇಜಿನ ಉತ್ತರ ಎದುರಿಗಿಟ್ಟುಕೊಂಡು ಹೋಲಿಸಿ ನೋಡುವ ಹಕ್ಕನ್ನು ಬಿಟ್ಟುಕೊಡುವುದು. ಆ ಹಕ್ಕು ನಿಮ್ಮ ಮನೆಗೆ ಎಷ್ಟು ಬೇಕು ಅನ್ನುವುದೇ ಮೊದಲ ಪ್ರಶ್ನೆ. ಚಾನ್ಸ್ ಲೆಕ್ಕ ಅದರ ನಂತರ.

ಮೊದಲು ಹೆಸರುಗಳು ಗೊತ್ತಿರಲಿ

ಅರ್ಲಿ ಡಿಸಿಷನ್ ಕಟ್ಟುಪಾಡಿನ ಅರ್ಜಿ. ಒಂದೇ ಕಾಲೇಜಿಗೆ ಹಾಕಬಹುದು. ಸೀಟು ಸಿಕ್ಕರೆ ಸೇರಲೇಬೇಕು. ಬೇರೆ ಕಡೆ ಹಾಕಿರುವ ಅರ್ಜಿಗಳನ್ನೆಲ್ಲ ವಾಪಸ್ ಪಡೆಯಬೇಕು, ಬೇರೆ ದೇಶದವೂ ಅದರಲ್ಲಿ ಸೇರಿದವು. ಗಡುವು ನವೆಂಬರ್ 1 ಅಥವಾ 15, ಉತ್ತರ ಡಿಸೆಂಬರ್ ಮಧ್ಯದಲ್ಲಿ. ಬ್ರೌನ್, ಕೊಲಂಬಿಯಾ, ಕಾರ್ನೆಲ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ, ಡ್ಯೂಕ್, ನಾರ್ತ್‌ವೆಸ್ಟರ್ನ್ ಇವೆಲ್ಲ ಈ ದಾರಿಯವು.

ಕೆಲವು ಕಾಲೇಜುಗಳು ಇದನ್ನೇ ಎರಡನೇ ಸಲವೂ ತೆರೆಯುತ್ತವೆ. ಅದಕ್ಕೆ ಇಡಿ-2 ಅನ್ನುತ್ತಾರೆ. ಗಡುವು ಜನವರಿಯ ಮೊದಲ ದಿನಗಳಲ್ಲಿ, ಉತ್ತರ ಫೆಬ್ರವರಿಯಲ್ಲಿ. ಕಟ್ಟುಪಾಡು ಮಾತ್ರ ಅಷ್ಟೇ ಗಟ್ಟಿ. ವ್ಯಾಂಡರ್‌ಬಿಲ್ಟ್, ಜಾನ್ಸ್ ಹಾಪ್ಕಿನ್ಸ್, ಶಿಕಾಗೊ, ಎಮೊರಿ, ನ್ಯೂಯಾರ್ಕ್ ಯೂನಿವರ್ಸಿಟಿಗಳಲ್ಲಿ ಇದು ಇದೆ.

ಅರ್ಲಿ ಆ್ಯಕ್ಷನ್, ಅಂದರೆ ಇಎ, ಬೇಗ ಹಾಕಿ ಬೇಗ ಉತ್ತರ ಪಡೆಯುವುದು, ಅಷ್ಟೇ. ಸೇರಲೇಬೇಕು ಅಂತ ಏನೂ ಇಲ್ಲ. ಮೇ 1ರವರೆಗೆ ಯೋಚನೆ ಮಾಡಬಹುದು. ಎಂಐಟಿ ಈ ಗುಂಪಿನದು. ಪರ್ಡ್ಯೂ, ಇಲಿನಾಯ್, ಜಾರ್ಜಿಯಾ ಟೆಕ್‌ನಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಇದು ಇದೆ.

ಇವೆರಡರ ನಡುವೆ ಇನ್ನೊಂದು ಬಗೆ ಇದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳ ಅರ್ಲಿ ಅರ್ಜಿ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೆ ಅಲ್ಲಿ ಹಾಕಿದ ಮೇಲೆ ಬೇರೆ ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಲಿಯಲ್ಲಿ ಹಾಕುವ ಹಾಗಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಇಎಗೂ ಹೊರದೇಶದ ಕಾಲೇಜುಗಳಿಗೂ ಸಾಮಾನ್ಯವಾಗಿ ಅಡ್ಡಿ ಇಲ್ಲ. ಇದನ್ನು ರಿಸ್ಟ್ರಿಕ್ಟಿವ್ ಅರ್ಲಿ ಆ್ಯಕ್ಷನ್ ಅಥವಾ ಸಿಂಗಲ್ ಚಾಯ್ಸ್ ಅನ್ನುತ್ತಾರೆ.

ಕೊನೆಗೆ ರೆಗ್ಯುಲರ್. ಜನವರಿ 1ರ ಹೊತ್ತಿಗೆ ಅರ್ಜಿ, ಮಾರ್ಚ್ ಕೊನೆಗೆ ಉತ್ತರ, ಮೇ 1ರೊಳಗೆ ನಿಮ್ಮ ತೀರ್ಮಾನ.

ಕ್ಯಾಲಿಫೋರ್ನಿಯಾದ ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ಈ ಅರ್ಲಿ-ರೆಗ್ಯುಲರ್ ಭೇದವೇ ಇಲ್ಲ. ಎಲ್ಲರಿಗೂ ಒಂದೇ ಅರ್ಜಿ, ನವೆಂಬರ್ ಕೊನೆಯ ಹೊತ್ತಿಗೆ ಒಂದೇ ಗಡುವು. ನಿಮ್ಮ ಪಟ್ಟಿ ಪೂರ್ತಿ ಯುಸಿಗಳದ್ದೇ ಆಗಿದ್ದರೆ ಈ ಲೇಖನದ ತಲೆನೋವು ನಿಮಗಿಲ್ಲ.

ಹೆಜ್ಜೆ 1: ದುಡ್ಡಿನ ಮಾತು ಮುಗಿಸಿ

ಇದನ್ನು ಮೊದಲು ಇಟ್ಟಿರುವುದಕ್ಕೆ ಕಾರಣ ಇದೆ. ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ದುಡ್ಡಿನ ಮಾತು ಆಡುವುದಿಲ್ಲ. “ನೀನು ಓದು, ಉಳಿದದ್ದು ನಾವು ನೋಡ್ಕೋತೀವಿ” ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಆದರೆ ಇಡಿ ಅರ್ಜಿಗೆ ಮಗು ಮಾತ್ರ ಅಲ್ಲ, ಅಪ್ಪ ಅಥವಾ ಅಮ್ಮನೂ ಸಹಿ ಹಾಕಬೇಕು. ಸೀಟು ಸಿಕ್ಕ ಮೇಲೆ ಲೆಕ್ಕ ಹಾಕೋಣ ಎಂದರೆ ಆಗುವುದಿಲ್ಲ.

ದೊಡ್ಡ ಖಾಸಗಿ ವಿಶ್ವವಿದ್ಯಾಲಯದಲ್ಲಿ ಫೀಸು, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 76 ಲಕ್ಷ. ನಾಲ್ಕು ವರ್ಷಕ್ಕೆ ಮೂರು ಕೋಟಿ ದಾಟುತ್ತದೆ. ಪ್ರತಿ ವರ್ಷ ಫೀಸು ಏರುತ್ತದೆ, ರೂಪಾಯಿ ಇಳಿಯುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿ.

ಒಂದು ಹಾಳೆ ತೆಗೆದುಕೊಂಡು ಮೂರು ಅಂಕಿ ಬರೆಯಿರಿ. ವರ್ಷಕ್ಕೆ ಸಾಲವಿಲ್ಲದೆ ಎಷ್ಟು ಕೊಡಬಹುದು? ಸಾಲ ಮಾಡಿ ಎಷ್ಟು? ಮನೆ, ಸೈಟು, ತೋಟ ಮುಟ್ಟದೆ ಎಷ್ಟು? ಈ ಹಾಳೆಯನ್ನು ಮಗುವಿಗೂ ತೋರಿಸಿ. ಹದಿನೇಳು ವರ್ಷದ ಮಕ್ಕಳಿಗೆ ಇದು ಅರ್ಥ ಆಗುತ್ತದೆ. ತೋರಿಸಿದ ಮನೆಗಳಲ್ಲಿ ಮುಂದಿನ ಮಾತುಕತೆ ಎಷ್ಟೋ ಸಲೀಸಾದದ್ದನ್ನು ನೋಡಿದ್ದೇನೆ.

ಈಗ ನಿಮ್ಮ ಮನೆ ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ ನೋಡಿ.

ಪೂರ್ತಿ ಖರ್ಚು ಕೊಡಲು ಶಕ್ತಿ ಇದೆ, ಕೊಡಲು ಮನಸ್ಸೂ ಇದೆ ಅಂತಾದರೆ ದುಡ್ಡಿನ ದೃಷ್ಟಿಯಿಂದ ಇಡಿಗೆ ಅಡ್ಡಿ ಇಲ್ಲ. ನೇರ ಮುಂದಿನ ಹೆಜ್ಜೆಗೆ ಹೋಗಿ.

ಸ್ವಲ್ಪ ಕಡಿಮೆ ಬೀಳುತ್ತದೆ, ಹತ್ತೋ ಇಪ್ಪತ್ತೋ ಸಾವಿರ ಡಾಲರ್ ಸ್ಕಾಲರ್‌ಶಿಪ್ ಸಿಕ್ಕರೆ ಹೇಗೋ ಆಗುತ್ತದೆ ಅನ್ನುವ ಮನೆಗಳು ಬಹಳ. ಇವರಿಗೆ ನನ್ನ ಸಲಹೆ ನೇರವಾಗಿದೆ: ಇಡಿ ಬೇಡ. ಮೆರಿಟ್ ಸ್ಕಾಲರ್‌ಶಿಪ್ ಕೊಡುವುದು ಮಗು ಬೇರೆ ಕಡೆ ಹೋಗದಿರಲಿ ಎಂದು. ಬಂದೇ ಬರುತ್ತೇನೆ ಎಂದು ಬರೆದುಕೊಟ್ಟವರನ್ನು ಸೆಳೆಯುವ ಅಗತ್ಯ ಕಾಲೇಜಿಗೆ ಅಷ್ಟಾಗಿ ಇರುವುದಿಲ್ಲ. ರೆಗ್ಯುಲರ್ ಅಥವಾ ಇಎಯಲ್ಲಿ ಎರಡು ಮೂರು ಕಡೆ ಸಿಕ್ಕಿದರೆ ಹೋಲಿಸಬಹುದು. ಒಂದು ಕಾಲೇಜಿನ ಪತ್ರ ತೋರಿಸಿ ಇನ್ನೊಂದು ಕಾಲೇಜಿಗೆ ‘ಸ್ವಲ್ಪ ಪರಿಶೀಲಿಸಿ’ ಎಂದು ಬರೆಯಲೂ ಬಹುದು.

ಮೂರನೇ ಗುಂಪು, ದೊಡ್ಡ ಮಟ್ಟದ ನೆರವು ಇಲ್ಲದೆ ಹೋಗಲು ಸಾಧ್ಯವೇ ಇಲ್ಲದವರು. ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದಿರಬೇಕು. ವಿದೇಶಿ ವಿದ್ಯಾರ್ಥಿ ನೆರವು ಕೇಳಿದರೆ ಬಹುಪಾಲು ಕಾಲೇಜುಗಳು ಸೀಟು ಕೊಡುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನೆರವು ಕೇಳಿದ್ದನ್ನು ನೋಡದೆ ತೀರ್ಮಾನ ಮಾಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಮೊದಲಿನಿಂದ ಈ ಪಟ್ಟಿಯಲ್ಲಿವೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಸೇರಿದವು. ಆಮೇಲೆ ಬ್ರೌನ್ ಕೂಡ ಸೇರಿತು. ಇವು ಮನೆಯ ಆದಾಯ ನೋಡಿ ಎಷ್ಟು ಕೊರತೆ ಇದೆಯೋ ಅಷ್ಟನ್ನೂ ತುಂಬಿಕೊಡುತ್ತವೆ. ಹಾಗಾಗಿ ಈ ಗುಂಪಿನ ಮಗುವಿಗೆ ಡಾರ್ಟ್‌ಮತ್‌ನಂಥ ಕಡೆ ಇಡಿ ಹಾಕುವುದು ಕೆಟ್ಟ ಯೋಚನೆ ಏನಲ್ಲ. ಆದರೆ ಎಷ್ಟು ಕೊರತೆ ಅನ್ನುವ ಲೆಕ್ಕ ಹಾಕುವವರು ಕಾಲೇಜಿನವರು, ನಾವಲ್ಲ. ನೆನಪಿರಲಿ.

ಆ ಲೆಕ್ಕಕ್ಕೆ ಹೆಚ್ಚಿನವರು ಕೇಳುವುದು ಸಿಎಸ್ಎಸ್ ಪ್ರೊಫೈಲ್ ಎಂಬ ಅರ್ಜಿ. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಮನೆ, ಜಮೀನು, ಅಂಗಡಿ ಇದ್ದರೆ ಅವುಗಳ ಬೆಲೆಯನ್ನೂ ಕೇಳುತ್ತಾರೆ. ಊರಿನಲ್ಲಿ ನಾಲ್ಕು ಎಕರೆ ತೋಟ ಇದ್ದು, ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಅದನ್ನು ವಿವರಿಸಿ ಒಂದು ಪತ್ರ ಬರೆಯಬೇಕಾಗಬಹುದು. ಕನ್ನಡದಲ್ಲಿರುವ ಕಾಗದಪತ್ರಕ್ಕೆ ಇಂಗ್ಲಿಷ್ ಅನುವಾದ ಬೇಕು. ಅರ್ಲಿ ಹಾಕುವವರು ಇದನ್ನೆಲ್ಲ ನವೆಂಬರ್ ಹೊತ್ತಿಗೇ ಮುಗಿಸಬೇಕು. ದಸರಾ ರಜೆಗಿಂತ ಮೊದಲೇ ಕಾಗದ ಒಟ್ಟು ಮಾಡಲು ಶುರು ಮಾಡಿ.

ಇನ್ನೊಂದು ಎಚ್ಚರಿಕೆ. “ನೆರವು ಕೇಳದೆ ಸೀಟು ತಗೊಳ್ಳೋಣ, ಸೇರಿದ ಮೇಲೆ ಕೇಳೋಣ” ಅಂತ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಈ ಮಾತು ಕೇಳಬೇಡಿ. ವಿದೇಶಿ ವಿದ್ಯಾರ್ಥಿ ಮೊದಲ ಅರ್ಜಿಯಲ್ಲಿ ಕೇಳದಿದ್ದರೆ ಮುಂದಿನ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ ಅನ್ನುವ ನಿಯಮ ಹಲವು ಕಾಲೇಜುಗಳಲ್ಲಿದೆ. ಇಡಿಯಿಂದ ಹೊರಗೆ ಬರಲು ಎಲ್ಲರೂ ಒಪ್ಪುವ ದಾರಿಯೂ ಒಂದೇ: ನೆರವು ಕೇಳಿ, ಕೊಟ್ಟದ್ದು ಸಾಲದೆ ಹೋದಾಗ ಬಿಡುಗಡೆ ಕೇಳುವುದು. ನೆರವೇ ಕೇಳದವರಿಗೆ ಆ ಬಾಗಿಲೂ ಮುಚ್ಚಿರುತ್ತದೆ.

ಹೆಜ್ಜೆ 2: ‘ಚಾನ್ಸ್ ಜಾಸ್ತಿ’ ಅನ್ನುವುದನ್ನು ಬಿಡಿಸಿ ನೋಡಿ

ಈ ಮಾತು ಪೂರ್ತಿ ಸುಳ್ಳಲ್ಲ. 2024ರಲ್ಲಿ ಸೇರಿದ ಬ್ಯಾಚಿಗೆ ಬ್ರೌನ್‌ನಲ್ಲಿ ಇಡಿ ಹಾಕಿದವರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಸೀಟು ಸಿಕ್ಕಿತು. ರೆಗ್ಯುಲರ್‌ನಲ್ಲಿ ಸಿಕ್ಕಿದ್ದು ನೂರಕ್ಕೆ 4 ಜನರಿಗೂ ಕಡಿಮೆ. ನೋಡಿದರೆ ಯಾರಿಗಾದರೂ ಇಡಿಯೇ ಸರಿ ಅನ್ನಿಸುತ್ತದೆ, ಅಲ್ವಾ?

ಕಾಲೇಜು ಇಡಿಯನ್ನು ಯಾಕೆ ಇಷ್ಟಪಡುತ್ತದೆ ಅನ್ನುವುದು ಮದುವೆ ಮನೆ ನಡೆಸಿದವರಿಗೆ ಬೇಗ ಅರ್ಥ ಆಗುತ್ತದೆ. ಸಾವಿರ ಪತ್ರಿಕೆ ಹಂಚಿರುತ್ತೇವೆ. ಆದರೆ ಅಡುಗೆಯವರು ಕೇಳುವುದು ಎಷ್ಟು ಎಲೆ ಬೀಳುತ್ತದೆ ಅಂತ. ಅಮೆರಿಕದ ಕಾಲೇಜಿಗೂ ಅದೇ ಚಿಂತೆ. ಸೀಟು ಕೊಟ್ಟವರಲ್ಲಿ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಇಡಿ ಹಾಕಿದವರು ಬಂದೇ ಬರುತ್ತಾರೆ. ಆದ್ದರಿಂದ ಅರ್ಧ ತರಗತಿಯನ್ನು ಡಿಸೆಂಬರ್‌ನಲ್ಲೇ ಹೀಗೆ ತುಂಬಿಕೊಳ್ಳುವ ಕಾಲೇಜುಗಳು ಕಡಿಮೆಯೇನಿಲ್ಲ. ಉಳಿದ ಅರ್ಧಕ್ಕೆ ರೆಗ್ಯುಲರ್‌ನ ಹತ್ತಾರು ಸಾವಿರ ಮಕ್ಕಳು ಕಾದಿರುತ್ತಾರೆ.

ಆದರೆ ಆ 14ರ ಒಳಗೆ ಯಾರ್ಯಾರು ಇದ್ದಾರೆ ನೋಡಬೇಕು. ಕೋಚ್ ಮೊದಲೇ ಆರಿಸಿಟ್ಟಿರುವ ಕ್ರೀಡಾಪಟುಗಳು ಸಾಮಾನ್ಯವಾಗಿ ಅರ್ಲಿಯಲ್ಲೇ ಬರುತ್ತಾರೆ. ಹಳೆಯ ವಿದ್ಯಾರ್ಥಿಗಳ ಮಕ್ಕಳು, ಅಲ್ಲೇ ಕೆಲಸ ಮಾಡುವವರ ಮಕ್ಕಳು ಕೂಡ ಅರ್ಲಿಯಲ್ಲೇ ಜಾಸ್ತಿ. ಒಳ್ಳೆಯ ಕೌನ್ಸೆಲರ್ ಇರುವ ಶಾಲೆಗಳ, ಆಗಸ್ಟ್‌ನಲ್ಲೇ ಎಲ್ಲ ಮುಗಿಸಿಟ್ಟಿರುವ ಮಕ್ಕಳು ಬೇರೆ. ಇವರನ್ನೆಲ್ಲ ತೆಗೆದರೆ ಉಳಿದವರಿಗೆ ಸಿಗುವ ಲಾಭ ಆ ಅಂಕಿ ತೋರಿಸುವಷ್ಟು ಇರುವುದಿಲ್ಲ. ನೆರವು ಕೇಳುವ ಭಾರತದ ವಿದ್ಯಾರ್ಥಿಗೆ ಇನ್ನೂ ಕಡಿಮೆ ಎಂದೇ ಇಟ್ಟುಕೊಂಡು ಯೋಚಿಸಿ.

ಕಟ್ಟುಪಾಡು ಇಲ್ಲದ ಕಡೆ ಈ ವ್ಯತ್ಯಾಸ ಎಷ್ಟು ಚಿಕ್ಕದು ಅನ್ನುವುದಕ್ಕೆ ಎಂಐಟಿ ನೋಡಿ. ಅದೇ 2024ರ ಬ್ಯಾಚಿಗೆ ಅಲ್ಲಿ ಅರ್ಲಿಯಲ್ಲಿ ಸಿಕ್ಕಿದ್ದು ನೂರಕ್ಕೆ ಸುಮಾರು 5 ಜನರಿಗೆ, ಒಟ್ಟಾರೆ ಸರಾಸರಿ ನಾಲ್ಕೂವರೆ. ಬೇಗ ಹಾಕಿದ್ದಕ್ಕೇ ಏನೋ ಸಿಗುತ್ತದೆ ಅನ್ನುವುದು ಅಲ್ಲಿ ಕಾಣುವುದಿಲ್ಲ.

ಈ ಪದ್ಧತಿ ಉಳ್ಳವರಿಗೇ ಅನುಕೂಲ ಅನ್ನುವ ಮಾತು ಅಮೆರಿಕದಲ್ಲೇ ಹಳೆಯದು. ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ 2006ರಲ್ಲಿ ಇದೇ ಕಾರಣಕ್ಕೆ ತಮ್ಮ ಅರ್ಲಿ ಅರ್ಜಿ ನಿಲ್ಲಿಸುತ್ತೇವೆ ಎಂದು ಹೇಳಿದ್ದವು. ಉಳಿದವರಲ್ಲಿ ಹೆಚ್ಚಿನವರು ಹಿಂಬಾಲಿಸಲಿಲ್ಲ. 2011ರಲ್ಲಿ ಎರಡೂ ಮತ್ತೆ ಶುರು ಮಾಡಿದವು, ಕಟ್ಟುಪಾಡಿಲ್ಲದ ರೂಪದಲ್ಲಿ. ವರ್ಜೀನಿಯಾ ಟೆಕ್ 2023ರಲ್ಲಿ ಇಡಿಯನ್ನೇ ಕೈಬಿಟ್ಟಿತು. ದುಡ್ಡು ಹೋಲಿಸಿ ನೋಡಬೇಕಾದ ಮನೆಯ ಮಗು ಇಡಿ ಹಾಕಲಾರದೆ ಹಿಂದೆ ಉಳಿಯುವುದು ಸರಿಯಲ್ಲ ಎಂದೇ ನನಗೂ ಅನ್ನಿಸುತ್ತದೆ. ಆದರೆ ಈ ವರ್ಷ ಅರ್ಜಿ ಹಾಕುವ ಮಗು ಇರುವ ನಿಯಮದೊಳಗೇ ದಾರಿ ಹುಡುಕಬೇಕು.

ಹೆಜ್ಜೆ 3: ಡಿಸೆಂಬರ್‌ನ ಪ್ರಶ್ನೆಯನ್ನು ಈಗಲೇ ಕೇಳಿ

ಮಗುವನ್ನು ಒಬ್ಬಳೇ ಕೂರಿಸಿಕೊಂಡು ಹೀಗೆ ಕೇಳಿ: “ಡಿಸೆಂಬರ್ ಮಧ್ಯದಲ್ಲಿ ಈ ಕಾಲೇಜು ಸೀಟು ಕೊಡ್ತು ಅಂದ್ಕೋ. ಬೇರೆ ಯಾವ ಕಾಲೇಜಿನ ಉತ್ತರವೂ ನಿನಗೆ ಯಾವತ್ತೂ ಗೊತ್ತಾಗಲ್ಲ. ಖುಷಿಯಾಗುತ್ತಾ?”

ತಕ್ಷಣ ‘ಹೌದು’ ಅಂತ ಬಂದು, ಯಾಕೆ ಅನ್ನುವುದಕ್ಕೆ ಕಾಲೇಜಿನ ಹೆಸರು, ರ‍್ಯಾಂಕ್ ಬಿಟ್ಟು ಮೂರು ಕಾರಣ ಹೇಳಿದರೆ ಅದು ಇಡಿಗೆ ತಕ್ಕ ಕಾಲೇಜು. ಕಾರಣ ಅಂದರೆ ಇಂಥವು: ಎರಡನೇ ವರ್ಷದವರೆಗೂ ವಿಷಯ ಆರಿಸಿಕೊಳ್ಳದೆ ಇರಬಹುದು, ನಾನು ಮಾಡಬೇಕೆಂದಿರುವ ಸಂಶೋಧನೆಯ ಲ್ಯಾಬ್ ಅಲ್ಲಿದೆ, ಓದಿನ ನಡುವೆಯೇ ಆರು ತಿಂಗಳು ಕಂಪನಿಯಲ್ಲಿ ಕೆಲಸ ಮಾಡುವ ವ್ಯವಸ್ಥೆ ಇದೆ. ‘ಹೌದು, ಆದರೆ ಪ್ರಿನ್ಸ್‌ಟನ್ ಸಿಕ್ಕಿದ್ರೆ…’ ಎಂದು ತಡವರಿಸಿದರೆ ಅಲ್ಲಿಗೆ ಉತ್ತರ ಸಿಕ್ಕಿತು. ಇಡಿ ಬೇಡ.

ಇಲ್ಲಿ ಕೆಲವು ಅಪ್ಪ ಅಮ್ಮಂದಿರು ಒಂದು ಲೆಕ್ಕಾಚಾರ ಮಾಡುತ್ತಾರೆ. ಇಷ್ಟದ ಕಾಲೇಜು ಕಷ್ಟ, ಅದಕ್ಕೆ ಸ್ವಲ್ಪ ಕೆಳಗಿನದಕ್ಕೆ ಇಡಿ ಹಾಕಿ ಸೀಟು ಗಟ್ಟಿ ಮಾಡಿಕೊಳ್ಳೋಣ ಅಂತ. ಅರ್ಥವಾಗುವ ಆಸೆಯೇ. ಆದರೆ ಆ ಕಾಲೇಜು ಮಗುವಿಗೆ ನಿಜವಾಗಿ ಹಿಡಿಸಿರಬೇಕು. ನಾಲ್ಕು ವರ್ಷ ಅಲ್ಲಿ ಹಿಮದಲ್ಲಿ ನಡೆದು ಕ್ಲಾಸಿಗೆ ಹೋಗುವುದು ಅದು.

ಹದಿನೇಳರ ಮನಸ್ಸು ಬದಲಾಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಅಕ್ಕನ ಮಗಳು ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಜನವರಿ ಹೊತ್ತಿಗೆ ಜೀವಶಾಸ್ತ್ರದ ಕಡೆ ತಿರುಗಿದ್ದಳು. ಅವಳು ಇಡಿ ಹಾಕಿರಲಿಲ್ಲ. ಆಗ ಬರೆದ ರೆಗ್ಯುಲರ್ ಅರ್ಜಿಗಳು ಅವಳ ಅರ್ಲಿ ಅರ್ಜಿಗಳಿಗಿಂತ ಎಷ್ಟೋ ಚೆನ್ನಾಗಿದ್ದವು, ಯಾಕೆಂದರೆ ಬರೆದದ್ದರಲ್ಲಿ ಅವಳೇ ಇದ್ದಳು.

ಹೆಜ್ಜೆ 4: ಕಾಗದ ಸಿದ್ಧವಿದೆಯಾ?

ಮನಸ್ಸಿದ್ದರೂ ಅರ್ಜಿ ಸಿದ್ಧ ಇಲ್ಲದಿದ್ದರೆ ಅರ್ಲಿಯಿಂದ ಲಾಭ ಇಲ್ಲ. ಅರ್ಲಿಯಲ್ಲಿ ‘ಇಲ್ಲ’ ಅಂದ ಕಾಲೇಜಿಗೆ ಅದೇ ವರ್ಷ ಮತ್ತೆ ರೆಗ್ಯುಲರ್‌ನಲ್ಲಿ ಹಾಕುವ ಹಾಗಿಲ್ಲ. ಹಾಗಾಗಿ ಅರೆಬೆಂದ ಅರ್ಜಿ ಕಳಿಸಬೇಡಿ.

ಕಾಮನ್ ಆ್ಯಪ್ ಎಂಬ ಒಂದೇ ಜಾಲತಾಣದಿಂದ 20 ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಹೊಸ ವರ್ಷದ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅಲ್ಲಿಂದ ನವೆಂಬರ್ 1ಕ್ಕೆ ಸರಿಯಾಗಿ ಮೂರು ತಿಂಗಳು.

ಪಿಯು ಕಾಲೇಜಿನಲ್ಲಿ ಓದುವ ಮಕ್ಕಳಿಗೆ ಒಂದು ವಿಶೇಷ ತೊಡಕು ಇದೆ. ಅಮೆರಿಕದವರು ಕೇಳುವುದು 9ರಿಂದ 12ನೇ ತರಗತಿವರೆಗಿನ ನಾಲ್ಕು ವರ್ಷದ ಅಂಕ. ನಮ್ಮಲ್ಲಿ 9 ಮತ್ತು ಎಸ್ಸೆಸ್ಸೆಲ್ಸಿ ಒಂದು ಹೈಸ್ಕೂಲಿನಲ್ಲಿ, ಪಿಯುಸಿ ಇನ್ನೊಂದು ಕಾಲೇಜಿನಲ್ಲಿ. 9ನೇ ತರಗತಿಯ ಮಾರ್ಕ್ಸ್ ಕಾರ್ಡ್ ಯಾರೂ ಜೋಪಾನ ಮಾಡಿರುವುದಿಲ್ಲ. ಹಳೆಯ ಶಾಲೆಗೆ ಹೋಗಿ, ಹೆಡ್‌ಮಾಸ್ಟರ್ ಸಹಿ, ಸೀಲು ಹಾಕಿಸಿ ತರಬೇಕು. ಇದನ್ನು ಜೂನ್‌ನಲ್ಲೇ ಮಾಡಿ.

ಇನ್ನೊಂದು ಕೌನ್ಸೆಲರ್ ವಿಷಯ. ಪಿಯು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅಂಥ ಹುದ್ದೆಯೇ ಇರುವುದಿಲ್ಲ. ಪ್ರಾಂಶುಪಾಲರೋ ಉಪ ಪ್ರಾಂಶುಪಾಲರೋ ಆ ಪಾತ್ರ ವಹಿಸಬೇಕು. ಅಂಕಪಟ್ಟಿ ಅಪ್‌ಲೋಡ್ ಮಾಡುವುದು, ಕಾಲೇಜಿನ ಬಗ್ಗೆ ಒಂದೆರಡು ಪುಟದ ಪರಿಚಯ ಕೊಡುವುದು, ಮಗುವಿನ ಬಗ್ಗೆ ಪತ್ರ ಬರೆಯುವುದು ಎಲ್ಲ ಅವರೇ. ಇಡಿ ಆದರೆ ಒಪ್ಪಂದಕ್ಕೂ ಅವರ ಸಹಿ ಬೇಕು. ನಮ್ಮ ಹುಡುಗಿಯ ಕಾಲೇಜಿನಲ್ಲಿ ಈ ಕೆಲಸ ಹಿಂದೆ ಯಾರೂ ಮಾಡಿರಲಿಲ್ಲ. ಪ್ರಾಂಶುಪಾಲರು ಒಳ್ಳೆಯವರು, ಆದರೆ ಬಂದ ಇಮೇಲ್ ತೆರೆದೇ ಇರಲಿಲ್ಲ. ಅಕ್ಟೋಬರ್ 27ಕ್ಕೆ ಅಕ್ಕ ಲ್ಯಾಪ್‌ಟಾಪ್ ಹಿಡಿದು ಅವರ ಕೊಠಡಿಯಲ್ಲಿ ಎರಡು ಗಂಟೆ ಕೂತಳು. ನೀವು ಸೆಪ್ಟೆಂಬರ್‌ನಲ್ಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಏನೇನು ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಇಬ್ಬರು ಲೆಕ್ಚರರ್‌ಗಳ ಶಿಫಾರಸು ಪತ್ರಕ್ಕೂ ಹೀಗೇ. ಪಾಠದ ಜೊತೆ ಸಿಇಟಿ, ಜೆಇಇ ತರಬೇತಿಯನ್ನೂ ನಡೆಸುವ ಮೇಷ್ಟ್ರುಗಳಿಗೆ ಬಿಡುವು ಕಡಿಮೆ.

ಸಹಿ ಅಂದೆನಲ್ಲ, ಅದರ ತೂಕವೂ ಗೊತ್ತಿರಲಿ. ಇಡಿ ಒಪ್ಪಂದ ಮುರಿದರೆ ಪೊಲೀಸರು ಬರುವುದಿಲ್ಲ. ಆದರೆ ಮಾತು ಕೊಟ್ಟದ್ದು ಮಗು ಮಾತ್ರ ಅಲ್ಲ, ಅದರ ಪಿಯು ಕಾಲೇಜು ಕೂಡ. ಮುಂದಿನ ವರ್ಷ ಅದೇ ಪಿಯು ಕಾಲೇಜಿನಿಂದ ಹಾಕುವ ಮಕ್ಕಳನ್ನು ಆ ವಿಶ್ವವಿದ್ಯಾಲಯ ಅನುಮಾನದಿಂದ ನೋಡಬಹುದು.

ಅಂಕಗಳ ವಿಷಯಕ್ಕೆ ಬಂದರೆ, ನವೆಂಬರ್ 1ಕ್ಕೆ ಅವರ ಕೈಗೆ ಸಿಗುವುದು ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ, ಹೆಚ್ಚೆಂದರೆ ದ್ವಿತೀಯದ ಮಧ್ಯವಾರ್ಷಿಕ ಪರೀಕ್ಷೆ. ಪ್ರಥಮ ಪಿಯುಸಿಯಲ್ಲಿ ಎಡವಿ, ಈಗ ಚೇತರಿಸಿಕೊಳ್ಳುತ್ತಿರುವ ಮಗುವಾದರೆ ರೆಗ್ಯುಲರ್ ಒಳ್ಳೆಯದು. ಇನ್ನಷ್ಟು ಟೆಸ್ಟ್‌ಗಳ ಅಂಕ ತೋರಿಸಲು ಸಮಯ ಸಿಗುತ್ತದೆ. ಎಸ್ಎಟಿ (ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಬೇಕೇ ಬೇಕು ಅನ್ನುವ ಕಾಲೇಜುಗಳು ಮತ್ತೆ ಹೆಚ್ಚಿವೆ, ಎಂಐಟಿ 2022ರಲ್ಲೇ ವಾಪಸ್ ತಂದಿತು. ಅರ್ಲಿ ಹಾಕುವವರು ಆಗಸ್ಟ್ ಪರೀಕ್ಷೆಗೆ ಕೂರುವುದು ಕ್ಷೇಮ. ಅಕ್ಟೋಬರ್ ಪರೀಕ್ಷೆಯ ಅಂಕವನ್ನೂ ಹಲವರು ಒಪ್ಪುತ್ತಾರೆ, ಆದರೆ ಎರಡನೇ ಅವಕಾಶ ಉಳಿಯುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಎಲ್ಲವನ್ನೂ ಜನವರಿ 1ಕ್ಕೆ ಇಟ್ಟುಕೊಂಡರೆ ಅದೇ ಹೊತ್ತಿಗೆ ಪ್ರಿಪರೇಟರಿ ಪರೀಕ್ಷೆ, ಜನವರಿಯ ಜೆಇಇ ಮೇನ್, ಲ್ಯಾಬ್ ರೆಕಾರ್ಡ್ ಎಲ್ಲ ಮೈಮೇಲೆ ಬೀಳುತ್ತವೆ. ಹತ್ತು ಕಾಲೇಜು ಅಂದರೆ ಇಪ್ಪತ್ತು ಮೂವತ್ತು ಚಿಕ್ಕ ಪ್ರಬಂಧಗಳು. ಆದ್ದರಿಂದ ಕಟ್ಟುಪಾಡಿಲ್ಲದ ಎರಡು ಮೂರು ಅರ್ಜಿಗಳನ್ನಾದರೂ ನವೆಂಬರ್‌ನಲ್ಲೇ ಮುಗಿಸಿ.

ಹೆಜ್ಜೆ 5: ಪಟ್ಟಿ ಜೋಡಿಸಿ

ನನ್ನ ಅಭಿಪ್ರಾಯದಲ್ಲಿ ಇಎಗೆ ‘ಬೇಡ’ ಅನ್ನಲು ಕಾರಣವೇ ಕಡಿಮೆ. ಅರ್ಜಿ ಸಿದ್ಧ ಇಲ್ಲ ಅನ್ನುವುದೊಂದೇ ಸರಿಯಾದ ಕಾರಣ. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರು ಪರ್ಡ್ಯೂ, ಇಲಿನಾಯ್‌ನಂಥ ಕಡೆ ನವೆಂಬರ್ 1ನ್ನೇ ನಿಜವಾದ ಗಡುವು ಎಂದು ತಿಳಿಯಿರಿ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ 2024ರಲ್ಲಿ ಇಎ ಶುರು ಮಾಡಿತು, ಅದರ ಗಡುವು ಇನ್ನೂ ಮುಂಚೆ, ಅಕ್ಟೋಬರ್ 15ಕ್ಕೆ. ಮೆರಿಟ್ ಸ್ಕಾಲರ್‌ಶಿಪ್‌ಗೆ ಅರ್ಲಿಯಲ್ಲಿ ಹಾಕಿದವರನ್ನಷ್ಟೇ ಪರಿಗಣಿಸುವ ವಿಶ್ವವಿದ್ಯಾಲಯಗಳೂ ಇವೆ.

ಒಂದೆರಡು ಜೋಡಣೆ ಹೇಳುತ್ತೇನೆ. ನೆರವು ಬೇಕಾದ, ಅಂಕ ಚೆನ್ನಾಗಿರುವ ಮಗು ಪ್ರಿನ್ಸ್‌ಟನ್ ಅಥವಾ ಯೇಲ್‌ಗೆ ಅರ್ಲಿಯಲ್ಲಿ ಹಾಕಬಹುದು. ಜೊತೆಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಇಎ, ಉಳಿದದ್ದೆಲ್ಲ ಜನವರಿಗೆ. ಇದರಲ್ಲಿ ಎಂಐಟಿಯನ್ನು ಅರ್ಲಿಯಲ್ಲಿ ಸೇರಿಸುವ ಹಾಗಿಲ್ಲ, ಅದು ಖಾಸಗಿ. ಪೂರ್ತಿ ಖರ್ಚು ಕೊಡಬಲ್ಲ, ಒಂದೇ ಕಾಲೇಜು ಮನಸ್ಸಿನಲ್ಲಿರುವ ಮಗು ಅಲ್ಲಿಗೆ ಇಡಿ ಹಾಕಿ, ಆ ಕಾಲೇಜಿನ ನಿಯಮ ಒಪ್ಪಿದರೆ ಬೇರೆ ಕಡೆ ಇಎ ಹಾಕಬಹುದು. ‘ಒಪ್ಪಿದರೆ’ ಅನ್ನುವುದು ಮುಖ್ಯ. ಪ್ರತಿ ಕಾಲೇಜಿನ ಪುಟದಲ್ಲಿ ಆ ವರ್ಷದ ನಿಯಮ ಓದಿ. ಕಳೆದ ವರ್ಷ ಸೇರಿದ ಅಣ್ಣ ಹೇಳಿದ ಎಂದು ನಂಬಿ ಕೂರಬೇಡಿ.

ಅಮೆರಿಕದಲ್ಲೇ ಇರುವ ಕನ್ನಡದ ಮನೆಗಳಿಗೆ ಒಂದು ಮಾತು. ಅಲ್ಲೇ ಹುಟ್ಟಿದ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಕಾಲೇಜಿನ ಜಾಲತಾಣದ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ಅಂದಾಜು ಖರ್ಚು ಸಿಗುತ್ತದೆ. ಇಡಿಗೆ ಸಹಿ ಹಾಕುವ ಮೊದಲು ಅದನ್ನು ಒಮ್ಮೆ ತುಂಬಿ ನೋಡಿ. ಆದರೆ ಐದನೇ ಕ್ಲಾಸಿನಿಂದ ನ್ಯೂಜೆರ್ಸಿಯಲ್ಲೇ ಓದಿದ್ದರೂ ಮಗು ಎಚ್-4 ವೀಸಾದಲ್ಲಿದ್ದರೆ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಮಕ್ಕಳಿಗೆ ಸಿಗುವ ವೀಸಾ) ಸರ್ಕಾರದ ಫೆಡರಲ್ ನೆರವು ಸಿಗುವುದಿಲ್ಲ. ಹಲವು ಕಾಲೇಜುಗಳು ಅಂಥ ಮಗುವನ್ನು ನೆರವಿನ ವಿಷಯದಲ್ಲಿ ವಿದೇಶಿ ಎಂದೇ ಎಣಿಸುತ್ತವೆ. ಪಕ್ಕದ ಮನೆಯ ಮಗುವಿಗೆ ಸರಿಹೋದ ಇಡಿ ನಿಮ್ಮ ಮಗುವಿಗೆ ಸರಿಹೋಗದೇ ಇರಬಹುದು. ಕಾಲೇಜಿಗೆ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಹೆಜ್ಜೆ 6: ಉತ್ತರ ಬಂದ ದಿನ

ಹೆಚ್ಚಿನ ಕಾಲೇಜುಗಳ ಗಡುವಿಗೆ ನೀವಿರುವ ಊರಿನ ಗಡಿಯಾರವೇ ಲೆಕ್ಕ. ಫಲಿತಾಂಶಕ್ಕೆ ಮಾತ್ರ ಅವರ ಗಡಿಯಾರ. ಡಿಸೆಂಬರ್‌ನಲ್ಲಿ ಅಲ್ಲಿನ ಪೂರ್ವ ಕರಾವಳಿಯ ಸಂಜೆ 7 ಗಂಟೆ ಎಂದರೆ ನಮಗೆ ಮರುದಿನ ಬೆಳಗ್ಗೆ ಐದೂವರೆ. ಆ ದಿನ ಪರೀಕ್ಷೆ ಇದೆಯಾ ನೋಡಿಕೊಳ್ಳಿ. ಇದ್ದರೆ ಸಂಜೆಯೇ ತೆರೆಯಿರಿ, ಉತ್ತರ ಎಲ್ಲೂ ಓಡಿಹೋಗುವುದಿಲ್ಲ.

ಇಡಿಯಲ್ಲಿ ಸಿಕ್ಕರೆ ನೆರವಿನ ಪತ್ರ ಮೊದಲು ಓದಿ. ಸರಿಯಿದ್ದರೆ ಒಪ್ಪಿಗೆ ಕೊಟ್ಟು, ಬೇರೆ ಅರ್ಜಿಗಳನ್ನು ಒಂದು ವಾರದೊಳಗೆ ವಾಪಸ್ ಪಡೆಯಿರಿ. ನೆರವು ಕಡಿಮೆ ಅನ್ನಿಸಿದರೆ ಅಂದೇ ನೆರವಿನ ಕಚೇರಿಗೆ ಬರೆಯಿರಿ, ಕಾಗದ ಜೋಡಿಸಿ. ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಅಂತಿಮ ಅಂಕ ತೀರಾ ಕುಸಿದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವ ಹಕ್ಕು ಅವರಿಗಿದೆ.

ಸಿಗದಿದ್ದರೆ, ಇಡಿ-2ರ ಗಡುವಿಗೆ ಎರಡೇ ವಾರ ಉಳಿದಿರುತ್ತದೆ. ಬೇಸರದಲ್ಲಿ, ಹಟದಲ್ಲಿ ತೀರ್ಮಾನ ಮಾಡುವುದು ಆಗಲೇ. ಹಾಗಾಗಿ ಇಡಿ-2 ಹಾಕುವುದಾದರೆ ಎಲ್ಲಿಗೆ, ಅಥವಾ ಬೇಡವೇ ಬೇಡವಾ ಅನ್ನುವುದನ್ನು ನವೆಂಬರ್‌ನಲ್ಲೇ ಬರೆದಿಡಿ. ಹೆಜ್ಜೆ 1ರ ಹಾಳೆ, ಹೆಜ್ಜೆ 3ರ ಪ್ರಶ್ನೆ ಎರಡೂ ಅದಕ್ಕೂ ಅನ್ವಯಿಸುತ್ತವೆ.

ಮೂರನೇ ಉತ್ತರ ‘ಡಿಫರ್’. ಅಂದರೆ ಈಗ ಹೌದೂ ಅಲ್ಲ, ಇಲ್ಲವೂ ಅಲ್ಲ, ರೆಗ್ಯುಲರ್‌ನವರ ಜೊತೆ ಮತ್ತೆ ನೋಡುತ್ತೇವೆ ಅಂತ. ಇಡಿಯಲ್ಲಿ ಡಿಫರ್ ಆದರೆ ಕಟ್ಟುಪಾಡು ಅಲ್ಲಿಗೆ ಬಿಟ್ಟುಹೋಯಿತು. ಮಾರ್ಚ್‌ನಲ್ಲಿ ಅವರು ಸೀಟು ಕೊಟ್ಟರೂ ಸೇರುವುದು ಬಿಡುವುದು ನಿಮ್ಮಿಷ್ಟ. ಮಗುವಿಗೆ ಎರಡು ದಿನ ಬಿಡುವು ಕೊಡಿ. ಆಮೇಲೆ ಉಳಿದ ಅರ್ಜಿಗಳನ್ನು ಮುಗಿಸಲಿ. ಜನವರಿಯಲ್ಲಿ ಹೊಸ ಅಂಕಪಟ್ಟಿ ಕಳಿಸಲು ಪ್ರಾಂಶುಪಾಲರಿಗೆ ನೆನಪಿಸಿ, ಜೊತೆಗೆ ಒಂದು ಪುಟದ ಪತ್ರ ಹೋಗಲಿ: ನವೆಂಬರ್ ಆದ ಮೇಲೆ ಏನು ಮಾಡಿದೆ, ಯಾಕೆ ಇನ್ನೂ ಇದೇ ಕಾಲೇಜು ಬೇಕು. ಪತ್ರ ಬೇಡ ಎಂದು ಕಾಲೇಜು ಹೇಳಿದ್ದರೆ ಕಳಿಸಬೇಡಿ.